ಡಬ್ಬಿಯಲ್ಲಿ ಬಡಿದ ಖಾಲಿ ಚಮಚ

ಇವತ್ತು ಮಾಡಿದ ಕೆಲಸಗಳು: ನಳ ಬಂದಿತ್ತು, ಎರಡು ಡ್ರಮ್ಮು, ಮೂರು ಕೊಡ ತುಂಬಿದೆ. ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಅತ್ತೆಯ ಸೀರೆಗೆ ಗಂಜಿ ಹಾಕಿ ಮಾಳಿಗೆಯ ಮೇಲೆ ಒಣಹಾಕಿದೆ. ಎರಡು ಸೇರು ತೊಗರಿಬೇಳೆಯ ಕಲ್ಲು ಆರಿಸಿದೆ. ಪುಂಡಿಪಲ್ಯದ ಸೊಪ್ಪು ಬಿಡಿಸಿದೆ. ಕುದಿದ ನೀರಿಗೆ ಚಹಾಪುಡಿ ಹಾಕಿ ಮುಚ್ಚಿಟ್ಟೆ. ಎರಡು ನಿಂಬೆಹಣ್ಣು ಹಿಂಡಿದೆ. ಫ್ರಿಜ್ಜಿನ ಸ್ಟೀಲ್ ಬಟ್ಟಲಿನಲ್ಲಿ ಗಟ್ಟಿಯಾಗಿದ್ದ ಐಸನ್ನು ಬಿಡಿಸಿ, ಬಟ್ಟೆಯಲ್ಲಿ ಸುತ್ತಿ, ಗುಂಡುಕಲ್ಲಿನಿಂದ ಕುಟ್ಟಿದೆ. ಆಮೇಲೆ, ಮಧ್ಯಾಹ್ನ ಮೂರೂವರೆಗೆ, ಅತ್ತೆಯ ಎದುರಿಗೆ ಕೂತು ಒಂದು ಮಾತು ಹೇಳಿದೆ.

ಆ ಮಾತನ್ನು ಮುಂದಕ್ಕೆ ಹಾಕಲೆಂದೇ ಉಳಿದ ಕೆಲಸಗಳನ್ನೆಲ್ಲ ಅಷ್ಟು ಅಚ್ಚುಕಟ್ಟಾಗಿ ಮಾಡಿದೆನೋ ಏನೋ. ಬೇಳೆಯನ್ನಂತೂ ಎರಡು ಸಲ ಆರಿಸಿದೆ. ಎರಡನೆಯ ಸಲಕ್ಕೆ ಒಂದು ಕಲ್ಲೂ ಸಿಗಲಿಲ್ಲ.

ನಮ್ಮದು ಜೇವರ್ಗಿ. ಹೆದ್ದಾರಿಯಿಂದ ಎರಡು ಓಣಿ ಒಳಗೆ ಮನೆ. ಮನೆಯಲ್ಲಿ ಈಗ ಮೂವರೇ: ಬೀಜ-ಗೊಬ್ಬರದ ಅಂಗಡಿ ನೋಡಿಕೊಳ್ಳುವ ನಮ್ಮ ಮನೆಯವರು, ಅವರ ತಾಯಿ, ಮತ್ತು ನಾನು. ಅತ್ತೆಗೆ ಎಪ್ಪತ್ತು ದಾಟಿದೆ. ಗೊಬ್ಬೂರಿನಿಂದ ಈ ಮನೆಗೆ ಸೊಸೆಯಾಗಿ ಬಂದವರು. ಹೋದ ವರ್ಷ ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಯಿತು. ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ. ಹೋಳಿಗೆ, ಶೇಂಗಾದ ಉಂಡೆ, ಬಾಳೆಹಣ್ಣು, ಎಲ್ಲವನ್ನೂ ಒಂದೇ ದಿನದಲ್ಲಿ ಬಿಟ್ಟರು. ಯುಗಾದಿಯ ದಿನ ಎಲ್ಲರಿಗೂ ಹೋಳಿಗೆಗೆ ತುಪ್ಪ ಬಡಿಸಿ ತಾವು ಬರೀ ಕಟ್ಟಿನ ಸಾರು ಅನ್ನ ಉಂಡು ಎದ್ದರು. ಬಿಡದೇ ಇದ್ದದ್ದು ಒಂದೇ, ಚಹಾದ ಸಕ್ಕರೆ.

"ಎಲ್ಲಾ ಬಿಟ್ಟೇನಿ, ಇದೊಂದು ಬಿಡು ಅನಬ್ಯಾಡ್ ಬೇ," ಅನ್ನುತ್ತಿದ್ದರು. "ಸಕ್ಕರಿ ಇಲ್ದ ಫಿಕ್ಕಾ ಚಾ ಅಂದ್ರ ಸಾಲ ಕೇಳಾಕ ಬಂದವ್ರಿಗಿ ಕೊಡೋದು."

ಒಂದು ಕಪ್ಪಿಗೆ ಎರಡು ಚಮಚ. ನಡುಮನೆಯಲ್ಲಿ ಕೂತು, ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಚಮಚ ತಾಗುವ ಸಪ್ಪಳವನ್ನು ಕೇಳಿಸಿಕೊಳ್ಳುತ್ತಿದ್ದರು. ಟಣ್ ಅಂತ ಒಂದು, ಟಣ್ ಅಂತ ಎರಡು. ಒಂದೇ ಸಲ ಸಪ್ಪಳವಾದರೆ ಅಲ್ಲಿಂದಲೇ ಕೂಗುತ್ತಿದ್ದರು, "ಕೈ ಸೋತೇನ ಬೇ?"

ನನಗೆ ಇದು ಹಟವಾಗಿ ಕಂಡಿತು. ಸಣ್ಣ ಮಕ್ಕಳ ಹಟ. ಗೊಬ್ಬೂರಿನಲ್ಲಿರುವ ಅವರ ಅಕ್ಕನಿಗೆ ಇದೇ ಕಾಯಿಲೆಯಿಂದ ಕಾಲಿನ ಎರಡು ಬೆರಳು ತೆಗೆದಿದ್ದಾರೆ. ಅದನ್ನು ಹೇಳುವಾಗಲೂ ಅತ್ತೆ ನಗುತ್ತಲೇ ಹೇಳುತ್ತಿದ್ದರು: "ನಮ್ಮಕ್ಕಗ ಇನ್ನ ಕಾಲುಂಗುರದ ಖರ್ಚಿಲ್ಲ ನೋಡ್." ಅಷ್ಟು ನಗುವವರಿಗೆ ಹೆದರಿಕೆ ಇಲ್ಲ ಅಂದುಕೊಂಡೆ. ಇಪ್ಪತ್ತಾರು ವರ್ಷ ಒಂದೇ ಒಲೆಯ ಮುಂದೆ ಬದುಕಿದರೂ ಒಬ್ಬರ ನಗೆ ಯಾವುದು, ಹೆದರಿಕೆ ಯಾವುದು ಎಂದು ನನಗೆ ತಿಳಿಯಲಿಲ್ಲ.

ಬೇಸಿಗೆಯ ಮೊದಲಿಗೆ ಅಫಜಲಪುರದ ನಮ್ಮಕ್ಕನ ಮನೆಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ಬಂದವಳಿಗೆ ಅವಳು ಗಾಜಿನ ಗ್ಲಾಸಿನಲ್ಲಿ ಜೇನಿನ ಬಣ್ಣದ್ದೇನೋ ಕೊಟ್ಟಳು. ಮೇಲೆ ಎರಡು ಪುದೀನಾ ಎಲೆ. ಒಂದು ಗುಟುಕು ಕುಡಿದ ಮೇಲೆ ಅದು ಚಹಾ ಎಂದು ತಿಳಿಯಿತು. ಹಾಲಿಲ್ಲ, ಬಿಸಿಯಿಲ್ಲ, ಆದರೂ ಚಹಾ. ಗಂಟಲಿನಿಂದ ಹೊಟ್ಟೆಯವರೆಗೆ ಒಂದು ತಣ್ಣನೆಯ ಗೆರೆ ಎಳೆದಂತಾಯಿತು. ಮಾಡುವ ರೀತಿಯನ್ನು ಅಲ್ಲೇ ನಿಂತು ಕಲಿತೆ. ನಾವು ದಿನಾ ಮಾಡುವಂತೆ ಪುಡಿಯನ್ನು ಗಳಗಳ ಕುದಿಸಬಾರದು, ಒಗರಾಗುತ್ತದೆ. ನೀರು ಕುದಿದ ಮೇಲೆ ಒಲೆ ಆರಿಸಿ, ಪುಡಿ ಹಾಕಿ, ಮುಚ್ಚಿ, ನಾಲ್ಕು ನಿಮಿಷ ಬಿಡಬೇಕು. ಸೋಸಬೇಕು, ಪುಡಿಯನ್ನು ಹಿಂಡಬಾರದು. ಸಕ್ಕರೆಯನ್ನು ಬಿಸಿಯಿರುವಾಗಲೇ ಕರಗಿಸಬೇಕು, ತಣ್ಣಗಾದ ಮೇಲೆ ಹಾಕಿದರೆ ಮರಳಿನಂತೆ ತಳಕ್ಕೆ ಕೂರುತ್ತದೆ. ಬಿಸಿಬಿಸಿಯನ್ನೇ ಫ್ರಿಜ್ಜಿಗೆ ಇಟ್ಟರೆ ಬಣ್ಣ ಕದಡುತ್ತದೆ, ಮೊದಲು ನೀರಿನ ಪರಾತದಲ್ಲಿಟ್ಟು ಆರಿಸಬೇಕು. ನಿಂಬೆರಸ ಕೊನೆಗೆ.

ಮನೆಗೆ ಬಂದು ಮಾಡಿದ ಮೊದಲ ದಿನ ಅತ್ತೆ ಗ್ಲಾಸನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು.

"ಆರಿದ ಚಾ ಕೊಡಾಕತ್ತಿಯಲ್ಲ, ನಾ ಏನ್ ತಪ್ಪ ಮಾಡೇನಿ?"

ಬಾಜೂ ಮನೆಯ ಚಾಚಿ ಆಗ ನಮ್ಮ ಕಟ್ಟೆಯ ಮೇಲೇ ಕೂತಿದ್ದರು. ಅತ್ತೆಯ ವಾರಿಗೆಯವರು, ಒಂದು ಆಡು ಸಾಕಿದ್ದಾರೆ, ದಿನಕ್ಕೆರಡು ಸಲ ಬಂದು ಹೋಗುತ್ತಾರೆ. "ನಮ್ಮನ್ಯಾಗ ಚಾಯ್ ಠಂಡಾ ಆದ್ರ ಚೆಲ್ತೀವಿ. ನಿಮ್ಮ ಸೊಸಿ ಬರಫ್ ಹಾಕಿ ಕೊಡ್ತಾಳಲ್ರೀ!" ಎಂದರು.

ಅತ್ತೆ ಚಹಾವನ್ನು ಬಸಿಗೆ ಸುರುವಿಕೊಂಡರು. ಐವತ್ತು ವರ್ಷದ ರೂಢಿ. ತುಟಿಗೆ ಒಯ್ಯುವ ಮೊದಲು ಉಫ್ ಉಫ್ ಅಂತ ಊದಿದರು. ಐಸಿನ ಚಹಾವನ್ನು ಊದಿದ್ದು ತಿಳಿದು ಚಾಚಿ ನೆಲ ಬಡಿದು ನಕ್ಕರು, ಅತ್ತೆಯೂ ನಕ್ಕರು. ಕುಡಿದ ಮೇಲೆ ಗ್ಲಾಸನ್ನು ಮುಂದೆ ಚಾಚಿ, "ಬೇಷ್ ಅದ. ನಾಳಿಗೂ ಮಾಡು," ಅಂದರು.

ಅಂದಿನಿಂದ ಬಿಸಿ ಚಹಾದ ಬದಲು ಇದೇ ಆಯಿತು. ಮರುದಿನ ಮಾಡುವಾಗ ನನಗೆ ಒಂದು ಯೋಚನೆ ಬಂತು. ತಣ್ಣಗಿದ್ದರೆ ನಾಲಿಗೆಗೆ ಸಿಹಿಯ ಗುರುತು ಅಷ್ಟಾಗಿ ಹತ್ತುವುದಿಲ್ಲ. ನಿಂಬೆ ಇದೆ, ಪುದೀನಾ ಇದೆ. ಯಾರಿಗೆ ಗೊತ್ತಾಗುತ್ತದೆ? ಎರಡು ಚಮಚ ಇದ್ದದ್ದನ್ನು ಒಂದೂವರೆ ಮಾಡಿದೆ. ನಾಲ್ಕು ದಿನ ಬಿಟ್ಟು ಒಂದು. ಆಮೇಲೆ ಅರ್ಧ. ನಿಂಬೆಯನ್ನು ಕಡಿಮೆ ಮಾಡಿದೆ, ಚಹಾಪುಡಿಯ ಜೊತೆ ಒಂದಿಷ್ಟು ಸೋಂಪು, ಒಂದು ಏಲಕ್ಕಿ, ಸಿಹಿ ಬರಲೆಂದು ಉಗುರಿನಷ್ಟು ಜ್ಯೇಷ್ಠಮಧು ಹಾಕಿ ಮುಚ್ಚಿದೆ. ಬಸವ ಜಯಂತಿಯ ಮರುದಿನದಿಂದ ಸಕ್ಕರೆ ಪೂರ್ತಿ ನಿಂತಿತು. ಅತ್ತೆಗೆ ಸಂಶಯ ಬರಲಿಲ್ಲ. ಬರದಂತೆ ನಾನು ನೋಡಿಕೊಂಡೆ. ಡಬ್ಬಿಯ ಮುಚ್ಚಳ ತೆಗೆದು, ಖಾಲಿ ಚಮಚದಿಂದ ಒಳಗೆ ಬಡಿಯುತ್ತಿದ್ದೆ. ಟಣ್ ಅಂತ ಒಂದು, ಟಣ್ ಅಂತ ಎರಡು.

ಈಗ ಬರೆಯುವಾಗ, ಸಕ್ಕರೆ ಹಾಕದೇ ಇದ್ದದ್ದಕ್ಕಿಂತ ಆ ಸಪ್ಪಳ ಮಾಡಿದ್ದೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ಆಗ ಮಾತ್ರ ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಅಕ್ಕನಿಗೆ ಫೋನು ಮಾಡಿ ಹೇಳಿಕೊಂಡು ನಕ್ಕೆ. ತಿಂಗಳ ತಪಾಸಣೆಗೆ ಹೋದಾಗ ರಕ್ತದಲ್ಲಿ ಸಕ್ಕರೆ ಇಳಿದಿತ್ತು. "ಸೊಸಿ ಚಂದ ನೋಡಿಕೊಳ್ಳಾಕತ್ತಾರ," ಎಂದರು ಡಾಕ್ಟರು. ಅತ್ತೆ ನನ್ನ ಬೆನ್ನು ಸವರಿದರು. ಆ ಹೊಗಳಿಕೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದೆ.

ಆ ದಿನಗಳಲ್ಲಿ ಚಾಚಿಯ ಆಡು ಸಂಜೆಯಾದರೆ ನಮ್ಮ ಹಿತ್ತಲ ಕಿಟಕಿಗೆ ಬಂದು ನಿಲ್ಲುವುದನ್ನು ಕಲಿತಿತ್ತು. ನಾನು ಎಲೆ ಬಿಡಿಸಿ ಉಳಿದ ಪುದೀನಾ ದಂಟುಗಳನ್ನು ಹಿತ್ತಲಿಗೆ ಹಾಕುತ್ತಿದ್ದೆ, ಅದಕ್ಕೇ ಬರುತ್ತದೆ ಅಂದುಕೊಂಡೆ. "ನೋಡ್ರಿ ಚಾಚಿ, ನಿಮ್ಮ ಆಡಿಗೂ ನನ್ನ ಚಾ ರುಚಿ ಹತ್ತ್ಯಾದ," ಎಂದು ಚೇಷ್ಟೆ ಮಾಡಿದ್ದೂ ಉಂಟು. ಆ ಕಿಟಕಿಯ ಪಕ್ಕದಲ್ಲೇ ಅತ್ತೆ ಸಂಜೆಯ ಲಿಂಗಪೂಜೆ ಮುಗಿಸಿ, ತಾಟನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಉಣ್ಣುತ್ತಾರೆ. ಆ ಹೊತ್ತಿಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತೇನೆ. ಬೆನ್ನು ಆ ಕಡೆ ಇರುತ್ತದೆ.

ಹೋದ ಭಾನುವಾರ ಸೆಖೆ ಬಹಳವಿತ್ತು, ಕರೆಂಟೂ ಹೋಗಿಬಂದು ಮಾಡುತ್ತಿತ್ತು. ಅತ್ತೆ ಒಂದು ಗ್ಲಾಸು ಕುಡಿದು ಇಟ್ಟರು. ಹೇಗೂ ಸಕ್ಕರೆಯಿಲ್ಲವಲ್ಲ ಎಂಬ ಧೈರ್ಯ ನನಗೆ. "ಇನ್ನೊಂದು ಗ್ಲಾಸ್ ಕುಡೀರಿ ಅತ್ತಿ, ಏನಾಗೋದಿಲ್ಲ," ಎಂದು ಒತ್ತಾಯ ಮಾಡಿದೆ. ಅವರು ಬೇಡ ಅಂದರು, ಮತ್ತೆ ಕೈ ಚಾಚಿದರು. "ನೀ ಕೊಡ್ತಿ ಅಂದ್ರ ಬ್ಯಾಡ ಅನ್ನಾಕ ಬಾಯಿ ಬರೋದಿಲ್ಲ," ಅಂದರು.

ಮರುದಿನ ಸೋಮವಾರ. ಇಳಿಹೊತ್ತಿಗೆ ನಾನು ಮಾಳಿಗೆಯ ಮೇಲೆ ಒಣಗಿದ ಸಂಡಿಗೆ ತೆಗೆಯುತ್ತಿದ್ದೆ. ಇಳಿದು ಬರುವಾಗ ಅತ್ತೆ ನಡುಮನೆಯ ಕಂಬಕ್ಕೆ ಒರಗಿ ಕೂತಿದ್ದರು. ಹಣೆಯ ವಿಭೂತಿ ಬೆವರಿನಲ್ಲಿ ತೊಯ್ದು ಹುಬ್ಬಿಗೆ ಇಳಿದಿತ್ತು. ಕೈ ನಡುಗುತ್ತಿತ್ತು. ಪಕ್ಕದಲ್ಲಿ ಫ್ರಿಜ್ಜಿನಿಂದ ತಾವೇ ತೆಗೆದುಕೊಂಡ ಚಹಾದ ಬಾಟಲಿ, ಖಾಲಿ ಗ್ಲಾಸು.

"ಏನಾತ್ರಿ ಅತ್ತಿ?"

"ತಲಿ ತಿರಗಾಕತ್ತದ. ಶುಗರ್ ಇಳದದ ಕಾಣ್ತದ." ನಾಲಿಗೆ ತೊದಲುತ್ತಿತ್ತು. "ಹಿಂಗಾದ್ರ ಸಿಹಿ ಕುಡೀ ಅಂತ ಡಾಕ್ಟರ್ ಹೇಳಿದ್ರಲ್ಲ. ಚಾ ಕುಡದೇನಿ. ಸಕ್ಕರಿ ಅದ ಅದ್ರಾಗ. ಈಗ ಸರಿ ಆಗ್ತದ, ಹೆದರಬ್ಯಾಡ."

ಹೆದರಬೇಡ ಅಂದದ್ದು ನನಗೆ. ಅವರು ಧೈರ್ಯವಾಗಿ ಕೂತಿದ್ದರು, ಸಕ್ಕರೆ ಒಳಗೆ ಹೋಗಿದೆ, ಇನ್ನೇನು ಸರಿಯಾಗುತ್ತದೆ ಎಂದು ಕಾಯುತ್ತಾ. ಆ ಗ್ಲಾಸಿನಲ್ಲಿ ಒಂದು ಹರಳು ಸಕ್ಕರೆಯೂ ಇರಲಿಲ್ಲ ಎಂಬುದು ಈ ಲೋಕದಲ್ಲಿ ಅಫಜಲಪುರದ ಅಕ್ಕನನ್ನು ಬಿಟ್ಟರೆ ನನಗೊಬ್ಬಳಿಗೇ ಗೊತ್ತಿತ್ತು. ನಾನು ಇನ್ನೂ ಅರ್ಧ ಗಂಟೆ ಮಾಳಿಗೆಯ ಮೇಲೇ ಇದ್ದಿದ್ದರೆ? ಹಪ್ಪಳವನ್ನೂ ತೆಗೆದೇ ಇಳಿಯೋಣ ಅಂದುಕೊಂಡಿದ್ದೆ, ಕಾಲು ಸುಟ್ಟಿತೆಂದು ಇಳಿದಿದ್ದೆ.

ಓಡಿ ಡಬ್ಬಿ ತಂದೆ. ಚಮಚ ಹುಡುಕಲಿಲ್ಲ, ಕೈಯಿಂದಲೇ ಸಕ್ಕರೆ ತೆಗೆದು ನೀರಿನಲ್ಲಿ ಕದಡಿ ಕುಡಿಸಿದೆ. ಅರ್ಧ ಮೈಮೇಲೆ ಚೆಲ್ಲಿತು. ಮತ್ತೆ ಕದಡಿದೆ, ಮತ್ತೆ ಕುಡಿಸಿದೆ. ನನ್ನ ಕೂಗು ಕೇಳಿ ಚಾಚಿ ಬಂದು ಬೀಸಣಿಕೆಯಿಂದ ಗಾಳಿ ಹಾಕಿದರು. ಹತ್ತು ಹದಿನೈದು ನಿಮಿಷಕ್ಕೆ ಕೈ ನಡುಗುವುದು ನಿಂತಿತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಚಾಚಿಗೆ ಹೇಳಿದ ಮೊದಲ ಮಾತು: "ನಮ್ಮ ಸೊಸಿ ಚಾ ನನ್ನ ಉಳಿಸ್ತು ನೋಡ್ರಿ. ಅದು ಹೊಟ್ಟ್ಯಾಗ ಇತ್ತು, ಅದಕ್ಕ ತಡೀತು."

ಅಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಮಂಗಳವಾರ ಡಾಕ್ಟರು ಕೇಳಿದರು, ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ ಎಂದು. "ಹೌದ್ರಿ, ಬರೋಬ್ಬರಿ ಉಣ್ತೇನಿ," ಅಂದರು ಅತ್ತೆ. ನನ್ನ ಕಡೆ ನೋಡಿದರು. ನಾನೂ ಹೌದ್ರಿ ಅಂದೆ. ಡಾಕ್ಟರು ಸಂಜೆಯ ಗುಳಿಗೆಯನ್ನು ಅರ್ಧ ಮಾಡಿದರು. ಚಹಾದ ಮಾತು ನಾನು ಎತ್ತಲಿಲ್ಲ. ಬುಧವಾರ ನಮ್ಮ ಮನೆಯವರು ಅಂಗಡಿಯಿಂದ ಬರುವಾಗ ದೊಡ್ಡ ಪೊಟ್ಟಣ ಚಹಾಪುಡಿ ತಂದು, "ತಗೋ, ಅವ್ವನ ಔಷಧಿ," ಎಂದು ಕೈಗೆ ಕೊಟ್ಟರು. ಅದನ್ನು ಗೋಡೆಯ ಮಾಡದಲ್ಲಿ, ಡಬ್ಬಿಗಳ ಹಿಂದೆ ಇಟ್ಟೆ. ಆ ಎರಡು ದಿನವೂ ನನಗೆ ಚಹಾಕ್ಕೆ ಸಕ್ಕರೆ ಹಾಕಲೂ ಮನಸ್ಸಾಗಲಿಲ್ಲ, ಬಿಡಲೂ ಧೈರ್ಯವಾಗಲಿಲ್ಲ. "ನಿಂಬಿಹಣ್ಣ ಇಲ್ರಿ," ಎಂದು ಇನ್ನೊಂದು ಸುಳ್ಳು ಹೇಳಿ ಚಹಾವನ್ನೇ ಮಾಡಲಿಲ್ಲ. ಬುಟ್ಟಿಯಲ್ಲಿ ಆರು ನಿಂಬೆಹಣ್ಣು ಇದ್ದವು.

ಇವತ್ತು ಗುರುವಾರ. ಚಹಾ ಮಾಡಿದೆ. ಗ್ಲಾಸನ್ನು ಅವರ ಮುಂದಿಟ್ಟು, ತೆಗೆದುಕೊಳ್ಳುವ ಮೊದಲೇ ಕೂತೆ.

"ಅತ್ತಿ, ಒಂದು ಮಾತ್ ಹೇಳೋದದ ರಿ."

"ಹೇಳು. ಯಾರರೆ ಬರಾವ್ರದಾರೇನು?"

"ಇಲ್ರಿ. ಈ ಚಾದಾಗ ಸಕ್ಕರಿ ಇಲ್ರಿ."

ಗ್ಲಾಸಿನೊಳಗೆ ನೋಡಿದರು. "ಮರ್ತೇನು? ಹೋಗಿ ಡಬ್ಬಿ ತಗೊಂಬಾ."

"ಮರ್ತಿಲ್ಲರಿ. ಬಸವ ಜಯಂತಿ ಆದ ಮ್ಯಾಲಿಂದ ಹಾಕೇ ಇಲ್ರಿ."

"ಹುಚ್ಚಿ. ದಿನಾ ಚಮಚದ ಸಪ್ಪಳ ಕೇಳೇನಿ ನಾ."

"ಖಾಲಿ ಚಮಚ ಬಡೀತಿದ್ದೆ ರಿ."

ಫ್ಯಾನು ತಿರುಗುತ್ತಿತ್ತು. ಗ್ಲಾಸಿನ ಹೊರಮೈಯ ನೀರು ಇಳಿದು ನೆಲದ ಮೇಲೆ ಒಂದು ಉಂಗುರವಾಯಿತು. ಅವರು ಅದನ್ನು ಬೆರಳಿನಿಂದ ಒರೆಸಿದರು.

"ಸೋಮವಾರ?" ಎಂದು ಕೇಳಿದರು.

"ಸೋಮವಾರನೂ ರಿ."

"ಅಂದ್ರ ನಾ ಕಂಬಕ್ಕ ಒರಗಿ ಸುಳ್ಳೇ ದಾರಿ ಕಾಯ್ಕೋತ ಕುಂತಿದ್ದೆ." ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಆಮೇಲೆ ತಮ್ಮಷ್ಟಕ್ಕೇ ಅಂದುಕೊಂಡಂತೆ, "ಆ ಆಡಿಗಿ ಹಾಕಿದ್ದ ರೊಟ್ಟಿನೂ ಸುಳ್ಳೇ ಹೋದ್ವು," ಅಂದರು.

"ಯಾವ ರೊಟ್ಟಿರಿ?"

ಆಗ ಹೇಳಿದರು. ಈ ಬೇಸಿಗೆಯಲ್ಲಿ, ಚಹಾದ ಸಕ್ಕರೆ ಬಿಡಲು ತಮ್ಮಿಂದ ಆಗದೆಂದು ಗೊತ್ತಾದ ದಿನವೇ, ಮನಸ್ಸಿನಲ್ಲಿ ಒಂದು ನೇಮ ಮಾಡಿಕೊಂಡಿದ್ದರಂತೆ. ಶ್ರಾವಣ ಸೋಮವಾರ ಒಪ್ಪತ್ತು ಇರುವುದಿಲ್ಲವೇ, ಹಾಗೆ. ಸಕ್ಕರೆ ಹಾಕಿದ ಚಹಾ ಕುಡಿದ ದಿನ ರಾತ್ರಿಯ ರೊಟ್ಟಿ ಇಲ್ಲ. ನಾನು ಬಡಿಸಿದ ರೊಟ್ಟಿಯನ್ನು ಮುರಿಮುರಿದು ಕಿಟಕಿಯಿಂದ ಆಡಿಗೆ ಕೊಟ್ಟು, ಪಲ್ಯ ಇಷ್ಟು, ಮಜ್ಜಿಗೆ ಇಷ್ಟು ತೆಗೆದುಕೊಂಡು ಏಳುತ್ತಿದ್ದರು. ಭಾನುವಾರ ಎರಡು ಗ್ಲಾಸು ಕುಡಿದದ್ದಕ್ಕೆ ಸೋಮವಾರ ಮಧ್ಯಾಹ್ನದ ರೊಟ್ಟಿಯನ್ನೂ ಬಿಟ್ಟಿದ್ದರು. ಬೆಳಗಿನ ಗುಳಿಗೆ ಮಾತ್ರ ತಪ್ಪಿಸಿರಲಿಲ್ಲ.

"ಒಂದು ತಗೊಂಡ್ರ ಒಂದು ಬಿಡಬೇಕಲ್ಲ ಬೇ," ಅಂದರು. "ಅಕ್ಕನ ಕಾಲು ಕಣ್ಣಾರೆ ನೋಡೇನಿ. ನನ್ನ ಕಾಲು ನನಗ ಬೇಕಾಗ್ಯಾವ."

ರಕ್ತದಲ್ಲಿ ಇಳಿದ ಸಕ್ಕರೆ, ಡಾಕ್ಟರ ಹೊಗಳಿಕೆ, ನನ್ನ ಜಾಣತನ, ಎಲ್ಲದರ ಕೆಳಗೆ ಅವರ ಹಸಿವೂ ಇತ್ತು. ಕುಡಿಯದ ಸಕ್ಕರೆಗೆ ಒಂದು ತಿಂಗಳಿಗೂ ಹೆಚ್ಚು ದಿನ ಹಸಿದುಕೊಂಡು ಮಲಗಿದ್ದರು. ನಾನು ಅವರನ್ನು ಹಟಮಾರಿ ಎಂದುಕೊಂಡು ಮಲಗಿದ್ದೆ.

"ನನಗರೆ ಹೇಳಬೇಕಿಲ್ರಿ?" ಎಂದುಬಿಟ್ಟೆ. ಬಾಯಿಂದ ಹೊರಟ ಮೇಲೆ ನಾಲಿಗೆ ಕಚ್ಚಿಕೊಂಡೆ.

"ನೀ ಹೇಳಿದ್ಯಾ?"

"ತಪ್ಪಾತ್ರಿ ಅತ್ತಿ," ಎಂದು ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲನ್ನು ಸೀರೆಯೊಳಗೆ ಎಳೆದುಕೊಂಡರು.

"ಓಣ್ಯಾಗ ಎಲ್ಲಾರ ಮುಂದ ಹೇಳೇನಿ ನಾ. ಉಳಿದವ್ರ ಸೊಸಿಯಂದ್ರು ಶುಗರ್ ಅಂದ ಕೂಡ್ಲೆ ಡಬ್ಬಿ ಮುಚ್ಚಿಡ್ತಾರ, ನಮ್ಮಾಕಿ ಹಂಗಲ್ಲ ಅಂತ. ಹಾಕಬ್ಯಾಡ್ರಿ ಅಂತ ಜಗಳಾ ಮಾಡಿದ್ರ ನಡೀತಿತ್ತು. ಸಪ್ಪಳ ಯಾಕ ಮಾಡ್ದಿ?"

ಎದ್ದು ಹಿತ್ತಲಿಗೆ ಹೋದರು. ಗ್ಲಾಸು ಹಾಗೇ ಉಳಿಯಿತು. ಐಸು ಕರಗಿ ಚಹಾದ ಬಣ್ಣ ತೆಳುವಾಗುವವರೆಗೆ ನಾನು ಅಲ್ಲೇ ಕೂತಿದ್ದು, ಆಮೇಲೆ ಪುಂಡಿಪಲ್ಯ ಒಲೆಗೆ ಹಾಕಲು ಎದ್ದೆ.

ಸಂಜೆ ಪೂಜೆ ಮುಗಿಸಿ ಅವರು ಕಿಟಕಿಯ ಹತ್ತಿರ ಹೋಗಲಿಲ್ಲ. ಅಡುಗೆಮನೆಗೆ ಬಂದು, ಒಲೆಯ ಪಕ್ಕದಲ್ಲಿ, ನನ್ನ ಕಣ್ಣಿಗೆ ಕಾಣುವಂತೆ ಕೂತರು. ಬಿಸಿರೊಟ್ಟಿ ಹಾಕಿದೆ. ಮಜ್ಜಿಗೆ ಕೊಟ್ಟೆ. ಗ್ಲಾಸನ್ನು ಎತ್ತಿ ಹಿಡಿದು ಕೇಳಿದರು:

"ಇದ್ರಾಗ ಉಪ್ಪ ಖರೇನ ಅದನೋ, ಚಮಚಾನೇ ಬಡದೀಯೋ?"

"ಅದ ರಿ," ಅಂದೆ. ತಲೆ ಎತ್ತಲಾಗಲಿಲ್ಲ. ಇದನ್ನು ಇನ್ನು ಎಷ್ಟು ದಿನ ಕೇಳುತ್ತಾರೋ, ಕೇಳಲಿ.

ಹಿತ್ತಲ ಕಿಟಕಿಯಲ್ಲಿ ಆಡು ಬಂದು ಒದರಿತು. "ಹೋಗ್ ಹೋಗ್, ನಿನ್ನ ಪಾಳಿ ಮುಗೀತು," ಎಂದು ಅತ್ತೆ ಇಲ್ಲಿಂದಲೇ ಕೂಗಿದರು. ಅದು ಹೋಗಲಿಲ್ಲ. ನಾನು ಎದ್ದು ಪುದೀನಾ ದಂಟು ಹಾಕಿ ಬಂದೆ. ಮೂಸಿ ನೋಡಿ ಬಿಟ್ಟಿತು.

ನಮ್ಮ ಮನೆಯವರು ಬಂದಾಗ ಅತ್ತೆ ನನ್ನನ್ನು ಹಿಡಿದುಕೊಡಲಿಲ್ಲ. "ನಾಳೆ ಡಾಕ್ಟರ್ ಕಡೆ ಹೋಗೋದದ, ನಾವಿಬ್ಬರು ಅವರಿಗಿ ಒಂದೊಂದು ಮಾತ್ ಹೇಳೋದು ಉಳದದ," ಅಂದರು ಅಷ್ಟೇ. ಯಾವ ಮಾತು ಎಂದು ಅವರು ಕೇಳಿದರು. "ಹೆಂಗಸರದು," ಎಂದು ಅತ್ತೆ ಮಾತು ಮುರಿದರು. ಊಟವಾದ ಮೇಲೆ ನಾನೇ ನಮ್ಮ ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು "ಹಪ್ಪಳನೂ ತಗದೇ ಇಳಿತೇನಿ ಅಂತ ಮ್ಯಾಲೇ ಇದ್ದಿದ್ರ ಏನಾಗ್ತಿತ್ತು?" ಎಂದಷ್ಟೇ ಕೇಳಿ ಎದ್ದು ಹೋದರು.

ಹಾಸಿಗೆ ಹಾಸುವಾಗ ಅತ್ತೆ ಸಕ್ಕರೆ ಡಬ್ಬಿ ಕೇಳಿದರು. ತಲೆ ತಿರುಗಿದರೆ ಕೈಗೆ ಸಿಗಲಿ ಎಂದರು. ಮುಚ್ಚಳ ತೆಗೆದು, ಒಳಗೆ ಬೆರಳು ಅದ್ದಿ, ಎರಡು ಹರಳು ನಾಲಿಗೆಗೆ ಮುಟ್ಟಿಸಿಕೊಂಡು ನೋಡಿ, ದಿಂಬಿನ ಪಕ್ಕಕ್ಕೆ ಇಟ್ಟುಕೊಂಡರು. ಇರುವೆ ಬರಬಾರದೆಂದು ನಾನು ಒಂದು ತಾಟಿನಲ್ಲಿ ನೀರು ಹಾಕಿ, ಡಬ್ಬಿಯನ್ನು ಅದರ ನಡುವೆ ಇಟ್ಟೆ. ನಾಳೆಯಿಂದ ಚಹಾ ಮಾಡುವಾಗ ತಾವೇ ಒಲೆಯ ಹತ್ತಿರ ನಿಲ್ಲುತ್ತಾರಂತೆ. "ಸಕ್ಕರಿ ಇಲ್ದಿದ್ರೂ ನಡೀತದ. ನಾಲಿಗಿಗಿ ರೂಢಿ ಮಾಡಿಬಿಟ್ಟಿದಿ. ಆದ್ರ ನನ್ನ ಕಣ್ಣ ಮುಂದ ಇಲ್ದಂಗಿರಬೇಕು," ಅಂದರು.

ಇವತ್ತು ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ, ಮಜ್ಜಿಗೆ ಇತ್ತು. ಅತ್ತೆ ಒಂದೂವರೆ ರೊಟ್ಟಿ ಉಂಡರು, ನಾನು ಕಣ್ಣಾರೆ ನೋಡಿದೆ. ನಮ್ಮ ಮನೆಯವರು ಎರಡು, ನಾನು ಅರ್ಧ. ಎಲ್ಲರಿಗಿಂತ ಮೊದಲು ಅತ್ತೆಗೆ ನಿದ್ದೆ ಹತ್ತಿತು, ಒಂದು ಕೈ ಡಬ್ಬಿಯ ಕಡೆ ಚಾಚಿಕೊಂಡು.